ಇದ್ರಾಗ ಕುಂದ್ರಂಗಿಲ್ಲ

ಅರ್ಧ ಮೈಯನ್ನು ಕಾರಿನೊಳಗೆ ತೂರಿಸಿ, ಉಳಿದರ್ಧವನ್ನು ಮಾರ್ಚಿನ ಚಳಿಗಾಳಿಗೆ ಬಿಟ್ಟುಕೊಂಡು ಬಗ್ಗಿದ್ದ ಶಿವಕಿರಣ ಮಗುವಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಅದು ಅಲ್ಲಾಡಿತು. ಅಲ್ಲಾಡಲಿ ಎಂದೇ ಅವನು ಬೆಲ್ಟನ್ನು ಸಡಿಲ ಬಿಟ್ಟು ಕಟ್ಟಿದ್ದ. ಕಟ್ಟಿದ ಮೇಲೆ ಒಂದಿಂಚಿಗಿಂತ ಹೆಚ್ಚು ಅಲ್ಲಾಡಿದರೆ ಸೀಟು ಆ ಕಾರಿಗೆ ಸರಿಯಾಗಿ ಕೂತಿಲ್ಲವೆಂದು ಅರ್ಥ. ಅದು ಹೆಂಡತಿ ಅಕ್ಷತಾಗೂ ಗೊತ್ತು. ಅದಕ್ಕೇ ಅವಳು ಹೊಸ ಕಾರು ಕೊಳ್ಳಲು ಬರುವಾಗ ಮನೆಯಿಂದ ಸೀಟುಗಳನ್ನೂ ಹೊರಿಸಿಕೊಂಡು ಬಂದಿದ್ದಳು, ಚಪ್ಪಲಿ ಅಂಗಡಿಗೆ ಕಾಲು ಒಯ್ದ ಹಾಗೆ. "ಇದ್ರಾಗೂ ಕುಂದ್ರಂಗಿಲ್ಲ," ಎಂದು ಅವನು ಒಳಗಿಂದಲೇ ಹೇಳಿದ. ಬೆಳಿಗ್ಗೆಯಿಂದ ಇದು ಎರಡನೆಯ ಸಲ. ಮೊದಲನೆಯ ಕಾರಿನಲ್ಲಿ, ಸೀಟನ್ನು ಹಿಮ್ಮುಖವಾಗಿ ಕಟ್ಟಿದರೆ ಮುಂದೆ ಕೂರುವವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತದೆ ಎಂದಿದ್ದ. ಆ ಮಾತು ನಿಜವಾಗಿತ್ತು. ನಿಜವಾದದ್ದಕ್ಕೆ ಅವನಿಗೆ ಎಷ್ಟು ಸಮಾಧಾನವಾಗಿತ್ತೆಂದರೆ ಸೇಲ್ಸ್‌ಮನ್‌ನ ಕೈ ಕುಲುಕಿಬಿಟ್ಟಿದ್ದ. ಈಗಿನದು ನಿಜವಲ್ಲ. ಬಾಗಿಲ ಹೊರಗೆ ಏಳು ತಿಂಗಳ ಬಸುರಿ ಅಕ್ಷತಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳ ಪಾದ ಊದಿ, ಬೂಟಿನ ಲೇಸು ಬಿಚ್ಚಿಕೊಂಡೇ ಇತ್ತು. ಅದನ್ನು ಕಟ್ಟಿಕೊಳ್ಳಲು ಅವಳಿಗೆ ಬಗ್ಗಲಾಗದು ಎಂಬುದನ್ನು ಕಂಡೂ ಅವನು ಬಗ್ಗಲಿಲ್ಲ, ಆಮೇಲೆ ಕಟ್ಟಿದರಾಯಿತು ಅಂದುಕೊಂಡ. ಅವನ ಎಲ್ಲ ಒಳ್ಳೆಯ ಕೆಲಸಗಳೂ ಆಮೇಲಿಗೆ ಇಟ್ಟವೇ.

"ಮಣಕಾಲು ಊರಿ ಒತ್ತಿ ಕಟ್ಟಿದ್ರೇನು?" ಎಂದು ಅಕ್ಷತಾ ಕೇಳಿದಳು. ಹೂಂ ಎಂದ. ಊರಿರಲಿಲ್ಲ. ಅವಳ ಹಿಂದೆ, ತೋಳಿನಲ್ಲಿ ಅವರ ಮಗಳು ಅನುಷ್ಕಾಳ ಬೂಸ್ಟರ್ ಸೀಟು ಹಿಡಿದುಕೊಂಡು ಹರ್ಷ ನಿಂತಿದ್ದ. ಪಾರ್ಸಿಪನಿಯಲ್ಲಿ ಇವರದೇ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯವನು, ಮೈಸೂರಿನ ಹುಡುಗ, ಈ ದೇಶಕ್ಕೆ ಬಂದು ಐದು ತಿಂಗಳೂ ತುಂಬಿಲ್ಲ. ಅವನ ಹೆಂಡತಿಗೆ ಇನ್ನು ಮೂರು ವಾರಕ್ಕೆ ದಿನ. ಯಾರೋ ಬಿಟ್ಟುಹೋದ ಹಳೆಯ ಕಾರೊಂದನ್ನು ಕೊಂಡಿದ್ದ. ಮಗುವಿನ ಸೀಟು ಹೇಗೆ ಕಟ್ಟುತ್ತಾರೆಂದು ನೋಡಿ ಕಲಿಯಲು ಅದೇ ಕಾರಿನಲ್ಲಿ ಇವರ ಹಿಂದೆಯೇ ಬಂದಿದ್ದ, ಸೀಟಿಲ್ಲದೆ ಆಸ್ಪತ್ರೆಯವರು ಮಗುವನ್ನು ಕೈಗೇ ಕೊಡುವುದಿಲ್ಲವಂತೆ ಎಂದು ದಾರಿಯುದ್ದಕ್ಕೂ ದಿಗಿಲುಪಟ್ಟುಕೊಂಡು. ಅವನು ಎಲ್ಲವನ್ನೂ ಕಣ್ಣರಳಿಸಿ ನೋಡುತ್ತಿದ್ದ. ತನ್ನ ಸಡಿಲ ಬೆಲ್ಟನ್ನೂ ಹಾಗೇ ನೋಡಿ ಕಲಿಯುತ್ತಿದ್ದಾನಲ್ಲ ಎಂದು ಶಿವಕಿರಣನಿಗೆ ಅವನ ಮೇಲೆ ಸುಮ್ಮನೆ ಸಿಟ್ಟು ಬಂತು. ಅನುಷ್ಕಾ ಮಾತ್ರ ದೂರದಲ್ಲಿ, ಸಾಲಾಗಿ ನಿಂತ ಹೊಸ ಕಾರುಗಳ ಬಂಪರುಗಳನ್ನು ಒಂದೊಂದಾಗಿ ಮುಟ್ಟುತ್ತ ನಡೆಯುತ್ತಿದ್ದಳು. ಬರುವ ತಿಂಗಳು ಏಳು ತುಂಬುವ ಹುಡುಗಿ ಬಂಪರನ್ನೇ ಯಾಕೆ ಮುಟ್ಟಬೇಕು?

ಸೀಟು ಮನೆಗೆ ಮರಳಿ ಬಂದು ಆರು ದಿನವಾಗಿತ್ತು. ಕಳೆದ ಭಾನುವಾರ ಅಕ್ಷತಾಳ ಗೆಳತಿ ದೀಕ್ಷಿತಾ ರಾಬಿನ್ಸ್‌ವಿಲ್‌ನಿಂದ ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದು, ತನ್ನ ಮಗ ಕುಶ್‌ನನ್ನು ಒಂದು ಕೈಯಲ್ಲೂ ಸೀಟನ್ನು ಇನ್ನೊಂದು ಕೈಯಲ್ಲೂ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸೀಟನ್ನು ತೊಳೆದು ಬಿಸಿಲಿಗಿಟ್ಟು, ತಲೆಯ ಭಾಗಕ್ಕೆ ಅರಿಶಿನ ಕುಂಕುಮ ಹಚ್ಚಿ, ಮಡಿಲಿನ ಜಾಗದಲ್ಲಿ ಒಂದು ತೆಂಗಿನಕಾಯಿ ಕೂರಿಸಿ ಬೆಲ್ಟು ಹಾಕಿದ್ದಳು. ತೆಂಗಿನಕಾಯಿ ಬಿಗಿಯಾಗಿ ಕೂತಿತ್ತು. "ನಿಮ್ಮ ತೊಟ್ಟಿಲು ನಿಮ್ಮನೆಗೇ ಬಂತು ಮಾರಾಯ್ರೆ. ಇದ್ರದ್ದೇ ಕಾಲ್ಗುಣ, ನಮ್ಗೆ ಮಗು ನಿಂತದ್ದು," ಎಂದಳು. ಎರಡು ಸಲ ಹೊಟ್ಟೆಯಲ್ಲೇ ಕಳೆದುಕೊಂಡವಳು ಅವಳು. ಮೂರನೆಯ ಬಸುರಿಗೆ ಐದನೇ ತಿಂಗಳು ಹಿಡಿದಾಗ ಅಕ್ಷತಾ ಈ ಸೀಟನ್ನು ಅವಳ ಮಡಿಲು ತುಂಬಿದ ಹಾಗೆ ಕೊಟ್ಟುಬಂದಿದ್ದಳು. ಬೆಳೆದು ಗಟ್ಟಿಯಾದ ಮಗುವಿನ ತೊಟ್ಟಿಲಲ್ಲಿ ಮಲಗಿಸಿದರೆ ಹೊಸ ಮಗುವೂ ಗಟ್ಟಿಯಾಗುತ್ತದೆ, ಎಳೆ ಕೂಸಿಗೆ ಮೊದಲು ತೊಡಿಸುವುದು ಹಳೆಯ ಅಂಗಿಯನ್ನೇ, ಹೊಸದಕ್ಕೆ ಕಣ್ಣು ತಾಗುತ್ತದೆ ಎಂದೆಲ್ಲ ಅವನ ತಾಯಿ ವೀರಬಸಮ್ಮ ಫೋನಿನಲ್ಲಿ ಹೇಳಿಕೊಟ್ಟ ಶಾಸ್ತ್ರವನ್ನು ಅಕ್ಷತಾ ಪ್ಲಾಸ್ಟಿಕ್ಕು ಸ್ಪಂಜುಗಳ ಈ ಕಾರ್ ಸೀಟಿಗೆ ಅನ್ವಯಿಸಿದ್ದಳು. ಸೀಟಿನಿಂದ ಕಾಯಿ ಬಿಚ್ಚಿಕೊಳ್ಳುತ್ತ ಶಿವಕಿರಣ ನೋಡಿದ್ದು ಕುಶ್‌ನ ಕತ್ತನ್ನು. ಮೂರು ವರ್ಷದಿಂದ ಆ ಹುಡುಗನನ್ನು ಕಂಡಾಗಲೆಲ್ಲ ಅವನು ಮೊದಲು ನೋಡುವುದು ಕತ್ತನ್ನೇ. ದೀಕ್ಷಿತಾಳ ಫೋನು ಹೊತ್ತಲ್ಲದ ಹೊತ್ತಲ್ಲಿ ಬಂದರೆ, ಅವಳು ಬಾಯಿ ತೆರೆಯುವ ಮೊದಲೇ ಕುಶ್ ಹೇಗಿದ್ದಾನೆ ಎಂದು ಕೇಳುತ್ತಿದ್ದ. ಆಮೇಲೆ ಅವಳು ಪತ್ರೊಡೆಗೆ ಎಲೆ ಎಲ್ಲಿ ಸಿಗುತ್ತದೆಂದೋ ಇನ್ನೇನೋ ಕೇಳುತ್ತಿದ್ದಳು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂದುಕೊಂಡು ಅವನು ಉಸಿರು ಬಿಡುತ್ತಿದ್ದ. ದೊಣ್ಣೆ ಬೀಸಿದವನು ತಾನೇ ಎಂಬುದು ಉಸಿರು ಬಿಟ್ಟ ಮೇಲೆ ನೆನಪಾಗುತ್ತಿತ್ತು.

ಅದು ಕುಶ್ ಹುಟ್ಟುವ ಮೊದಲಿನ ಅಕ್ಟೋಬರ್. ರೂಟ್ ಫಾರ್ಟಿಸಿಕ್ಸ್‌ನಲ್ಲಿ, ಡೇಕೇರಿನಿಂದ ಅನುಷ್ಕಾಳನ್ನು ಕರೆದುಕೊಂಡು ಬರುವಾಗ. ಅವಳಿಗಾಗ ಮೂರೂವರೆ. ಹಿಂದಿನ ಸೀಟಿನಲ್ಲಿ ಕೂತು, ತಾನು ಎಲೆಯ ಮೇಲೆ ಅಂಟಿಸಿದ ಕಣ್ಣು ಮೂಗುಗಳ ಬಗ್ಗೆ ಏನೋ ಹೇಳುತ್ತಿದ್ದಳು. ಫೋನಿನಲ್ಲಿ ಕನ್ನಡ ಗುಂಪಿನ ಫೋಟೊ ಬಂತು. ಕಾಲೇಜಿನಲ್ಲಿ ಅವನ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ದಿವಾಕರ ಹೊಸ ಕಾರಿಗೆ ಹಾರ ಹಾಕಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದ. ಅದು ಯಾವ ಮಾಡೆಲ್ ಎಂದು ತಿಳಿಯಬೇಕಿತ್ತು, ಅಷ್ಟೇ. ಎರಡು ಬೆರಳಿನಿಂದ ಫೋಟೊ ಹಿಗ್ಗಿಸಿದ. ಹಿಂಬದಿಯ ಅಕ್ಷರ ಇನ್ನೂ ಓದಿ ಮುಗಿದಿರಲಿಲ್ಲ, ಎದುರಿಗೆ ನಿಂತಿದ್ದ ಲಾನ್ ಕೆಲಸದವರ ಟ್ರಕ್ಕಿಗೆ ಅವನ ಕಾರು ಹೋಗಿ ಗುದ್ದಿತು. ಆ ಸದ್ದಿಗಿಂತ ಅದರ ನಂತರದ ಕ್ಷಣ ಅವನಿಗೆ ಹೆಚ್ಚು ನೆನಪಿದೆ. ಹಿಂದಿನಿಂದ ಯಾವ ಸದ್ದೂ ಇಲ್ಲದ ಒಂದು ಕ್ಷಣ. ಆಮೇಲೆ ಮಗು ಅತ್ತಿತು. ಟ್ರಕ್ಕಿನವನು ಇಳಿದು ಬಂದು ತನ್ನ ಬಂಪರನ್ನೂ ನೋಡದೆ ಹಿಂದಿನ ಕಿಟಕಿಗೆ ಮುಖವಿಟ್ಟು, ಬೇಬಿ ಓಕೆಯಾ ಎಂದು ಕೇಳಿದ. ಪೊಲೀಸರು ಬೇಡವೆಂದು ಅವನೂ ಕೈಯಾಡಿಸಿದ, ಇವನೂ ಕೈಯಾಡಿಸಿದ. ಏರ್‌ಬ್ಯಾಗು ಕೂಡ ತೆರೆದಿರಲಿಲ್ಲ. ದಾರಿಯಲ್ಲಿ ಐಸ್‌ಕ್ರೀಮ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಮಗಳ ಮೂಗು ಒರೆಸಿ, ಅಮ್ಮನಿಗೆ ಹೇಳುವುದು ಬೇಡ ಆಯ್ತಾ, ಅಮ್ಮನಿಗೆ ಬೇಜಾರಾಗುತ್ತದೆ ಎಂದ. ಅವಳು ಬಿಕ್ಕುತ್ತಲೇ ಓಕೆ ಎಂದಳು. ಅಂಗಡಿಯ ಪಾರ್ಕಿಂಗ್‌ನಲ್ಲಿ ಯಾರೋ ರಿವರ್ಸ್ ಬಂದು ಗುದ್ದಿ ಓಡಿಹೋದರು ಎಂದು ಅಕ್ಷತಾಗೆ ಹೇಳಿದ. ಅಕ್ಷತಾ ಓಡಿಹೋದವರಿಗೆ ಒಂದು ವಾರ ಶಾಪ ಹಾಕಿದಳು. ಮಗುವನ್ನು ಕೂರಿಸಿಕೊಂಡು ಫೋನು ನೋಡುವ ಗಂಡಸರ ಕೈ ಕಡಿಯಬೇಕೆಂದು ಅವಳು ಅದಕ್ಕೂ ಮೊದಲೇ, ಬೇರೆ ಯಾರದೋ ವಿಷಯಕ್ಕೆ, ರೊಟ್ಟಿ ಬಡಿಯುತ್ತ ಹೇಳಿದ್ದಳು.

ಹೇಳಬಹುದಿತ್ತು. ಬಯ್ಯುತ್ತಿದ್ದಳು, ಅಳುತ್ತಿದ್ದಳು, ನಾಲ್ಕು ದಿನ ಮಾತು ಬಿಡುತ್ತಿದ್ದಳು. ಅಷ್ಟೇ ಆಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಸೀಟಿನ ಬಟ್ಟೆಗೆ ಮಗು ವಾಂತಿ ಮಾಡಿಕೊಂಡಿತ್ತೆಂದು ಮರುದಿನ ಅದನ್ನು ಬಿಚ್ಚಿ ತೊಳೆಯುವಾಗ, ಬೆಲ್ಟು ಹಾಯುವ ತೂತಿನ ಪಕ್ಕದಲ್ಲಿ ಪ್ಲಾಸ್ಟಿಕ್ಕಿಗೆ ಒಂದು ಬಿಳಿಯ ಗೆರೆ ಎದ್ದದ್ದು ಕಂಡಿತು. ಗೇಣುದ್ದ. ಹೆಬ್ಬೆರಳಿನಿಂದ ಒತ್ತಿದರೆ ಗೆರೆ ಬಾಯಿ ಬಿಟ್ಟು, ಟಿಕ್ ಎಂದು ಮುಚ್ಚಿಕೊಂಡಿತು. ಸೀಟಿನ ಬದಿಯಲ್ಲೇ ಬರೆದಿತ್ತು, ಅಪಘಾತದಲ್ಲಿ ಸಿಕ್ಕ ಸೀಟನ್ನು ಮತ್ತೆ ಬಳಸಬೇಡಿ ಎಂದು. ಅವನು ಓದಿದ. ದೊಡ್ಡವಳಾದಳಲ್ಲ, ಇನ್ನೂ ಗಟ್ಟಿಯದು ಬೇಕು ಎಂದು ನೆವ ತೆಗೆದು ಅನುಷ್ಕಾಗೆ ಅದೇ ವಾರ ಹೊಸ ಸೀಟು ತಂದ. ಹಳೆಯದನ್ನು ಅಪಾರ್ಟ್‌ಮೆಂಟಿನ ಕಸದ ಡಬ್ಬಿಯ ಪಕ್ಕಕ್ಕೆ ಇಟ್ಟುಬಂದ. ಒಳಗೆ ಹಾಕಬಹುದಿತ್ತು; ಬೆಲ್ಟು ಕತ್ತರಿಸಿ ಹಾಕಬೇಕು, ಇಲ್ಲದಿದ್ದರೆ ಯಾರಾದರೂ ಒಯ್ಯುತ್ತಾರೆ ಎಂದೂ ಓದಿದ್ದ. ಕತ್ತರಿ ತರಲು ಮಹಡಿ ಹತ್ತಬೇಕಿತ್ತು, ಹತ್ತಲಿಲ್ಲ. ಸಂಜೆ ಆಫೀಸಿನಿಂದ ಬಂದಾಗ ಸೀಟು ಬಾಗಿಲ ಬಳಿ ಇತ್ತು, ಒರೆಸಿ, ಒಪ್ಪವಾಗಿ. "ಕೂಸು ಕುಂತ ಸೀಟು ಕಸಕ್ಕ ಹಾಕ್ತಾರೇನ್ರೀ?" ಎಂದು ಅಕ್ಷತಾ ಕೇಳಿದ್ದಳು. ಮೂರು ವಾರದ ಮೇಲೆ ಅವನು ಮಾರಿಸ್‌ಟೌನಿನ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದಾಗ ಅವಳು ಅದನ್ನು ರಾಬಿನ್ಸ್‌ವಿಲ್‌ಗೆ ಒಯ್ದು ಕೊಟ್ಟ ಫೋಟೊ ಬಂತು. ದೀಕ್ಷಿತಾ ಅದನ್ನು ಹೊಟ್ಟೆಗೆ ಅವಚಿಕೊಂಡು ನಗುತ್ತಿದ್ದಳು. ಆ ಫೋಟೊವನ್ನು ಅವನು ಹಿಗ್ಗಿಸಿ ನೋಡಲಿಲ್ಲ. ಒಮ್ಮೆ ಹೇಳಿಯೇಬಿಡಬೇಕೆಂದು ಅವರ ಮನೆಗೆ ಹೋಗಿ, ಅವಳ ಗಂಡ ವಿನೀತ್ ಮಗುವನ್ನು ಆ ಸೀಟಿನಿಂದ ಎತ್ತಿ ಇವನ ತೊಡೆಗೆ ಕೊಟ್ಟಾಗ, ಹೇಳದೆ ಊಟ ಮಾಡಿ ಮರಳಿ ಬಂದಿದ್ದ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನಿಗೆ ಮೂರು ವರ್ಷದ ನಂತರವೂ ಅದು ಬಿಸಿಯಾಗಿಯೇ ಇತ್ತು.

ಆ ದಿನದ ಮೂರನೆಯ ಕಾರು ಮಿನಿವ್ಯಾನ್. ಬಾಗಿಲು ಮುಟ್ಟಿದರೆ ತಾನಾಗಿ ಸರಿಯಿತು. ಅಕ್ಷತಾ ಹತ್ತಿ ಕೂತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚಿದಳು. ಅತ್ತೆ ಬಂದರೆ ಇಲ್ಲಿ, ಅನುಷ್ಕಾ ಅಲ್ಲಿ, ಕೂಸು ಮಧ್ಯೆ ಎಂದು ಬೆರಳಿನಿಂದ ಜಾಗ ತೋರಿಸಿದಳು. ಅವಳ ಮುಖದಲ್ಲಿ ತಿಂಗಳುಗಳಿಂದ ಕಾಣದ ನಿರಾಳ ಕಂಡು ಅವನಿಗೆ ಸಂಕಟವಾಯಿತು. ಇದನ್ನೂ ಆಗದು ಎನ್ನಬೇಕಲ್ಲ, ಯಾವ ಕಾರಿಗೂ ಕೂರದಿದ್ದರೆ ತಾನೇ ಅವಳು ಆ ಸೀಟು ಬಿಡುವುದು. ಅವನು ಮತ್ತೆ ಬಗ್ಗಿ ಬೆಲ್ಟು ಹಾಯಿಸಿ, ಮೊಣಕಾಲು ಊರಿದಂತೆ ಮಾಡಿ ಊರದೆ, ಎಳೆದಂತೆ ಮಾಡಿ ಎಳೆಯದೆ, ಅಲ್ಲಾಡಿಸಿ ತೋರಿಸಿದ. ಆಗ ಅಷ್ಟು ಹೊತ್ತೂ ಸುಮ್ಮನೆ ನಿಂತಿದ್ದ ಬಿಳಿಗಡ್ಡದ ಸೇಲ್ಸ್‌ಮನ್, ತನಗೆ ಐದು ಮೊಮ್ಮಕ್ಕಳೆಂದು ಹೇಳುತ್ತ, ಇವನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ ಒಳಗೆ ಹತ್ತಿದ. ಸೀಟಿನ ನಡುಮಧ್ಯೆ ಮೊಣಕಾಲು ಊರಿ, ತನ್ನ ದೊಡ್ಡ ಮೈಯ ಭಾರವನ್ನೆಲ್ಲ ಬಿಟ್ಟು, ಬೆಲ್ಟನ್ನು ಒಂದೇ ಸಲ ಎಳೆದ. ಟಿಕ್ ಎಂದಿತು. ಆ ಸದ್ದು ಬಕ್ಕಲಿನದೋ ಇನ್ನೊಂದರದೋ ಶಿವಕಿರಣನಿಗೆ ತಿಳಿಯಲಿಲ್ಲ, ಉಳಿದವರಿಗೆ ಅದು ಕೇಳಿಸಲೂ ಇಲ್ಲ. ಮುದುಕ ಸೀಟನ್ನು ಹಿಡಿದು ಅಲ್ಲಾಡಿಸಿದರೆ ಇಡೀ ವ್ಯಾನು ಅಲ್ಲಾಡಿತು, ಸೀಟು ಅಲ್ಲಾಡಲಿಲ್ಲ. ಹರ್ಷ ಮೆಚ್ಚಿ ತಲೆಯಾಡಿಸಿದ. ಅಕ್ಷತಾ ಗಂಡನನ್ನು ನೋಡಿ ನಕ್ಕಳು, ಕೈಲಾಗದವನನ್ನು ನೋಡಿ ನಗುವ ಹಾಗೆ. ಆ ನಗು ಅವನಿಗೆ ಬೇಕಾಗಿತ್ತು. ಕೈಲಾಗದವನೆಂದು ಮಾತ್ರ ತಿಳಿದುಕೊಂಡಳಲ್ಲ.

ಮುದುಕ ಇಳಿಯುತ್ತ ಸೀಟಿನ ಬದಿಯ ಚೀಟಿಯ ತಾರೀಖನ್ನು ಕನ್ನಡಕ ಎತ್ತಿ ಓದಿದ. ಇನ್ನೂ ಅವಧಿ ಇದೆ ಎಂದ. ಆಮೇಲೆ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಕೇಳುವ ಹಾಗೆ, ಕೈ ಒರೆಸಿಕೊಳ್ಳುತ್ತ, "ನೆವರ್ ಬೀನ್ ಇನ್ ಎ ಕ್ರ್ಯಾಶ್, ರೈಟ್?" ಎಂದು ಕೇಳಿದ.

ಅನುಷ್ಕಾ ಯಾವಾಗಲೋ ಬಂದು ವ್ಯಾನಿನ ಬಾಗಿಲ ಬಳಿ ನಿಂತಿದ್ದಳು. ಶಿವಕಿರಣ ಅವಳನ್ನು ನೋಡಬಾರದಿತ್ತು, ನೋಡಿದ. ಅವಳು ಸೀಟನ್ನು ನೋಡಲಿಲ್ಲ, ಸೇಲ್ಸ್‌ಮನ್‌ನನ್ನು ನೋಡಲಿಲ್ಲ, ತಂದೆಯ ಬಾಯನ್ನೇ ನೋಡುತ್ತಿದ್ದಳು, ಸ್ಕೂಲಿನಲ್ಲಿ ಪಕ್ಕದವನಿಗೆ ಕೇಳಿದ ಪ್ರಶ್ನೆಯ ಉತ್ತರ ತನಗೂ ಗೊತ್ತಿರುವ ಮಗು ಕಾಯುವಂತೆ. ಮೂರೂವರೆ ವರ್ಷದ ಮಕ್ಕಳಿಗೆ ಏನೂ ನೆನಪಿರುವುದಿಲ್ಲ ಎಂದು ಅವನು ಎಲ್ಲೋ ಓದಿ ಅದನ್ನು ಸ್ತೋತ್ರದಂತೆ ಹೇಳಿಕೊಂಡು ಬಂದಿದ್ದ. "ನೆವರ್," ಎಂದ. ಸಾಲದೇನೋ ಎನಿಸಿ, "ನಾಟ್ ಈವನ್ ಎ ಸ್ಕ್ರ್ಯಾಚ್," ಎಂದೂ ಸೇರಿಸಿದ. ಅಕ್ಷತಾ ಪಾರ್ಕಿಂಗ್‌ನಲ್ಲಿ ಒಮ್ಮೆ ಯಾರೋ ಗುದ್ದಿದ್ದರಲ್ಲ ಎಂದು ನೆನಪಿಸಿದಳು. ಆಗ ಕಾರಿನಲ್ಲಿ ಯಾರೂ ಇರಲಿಲ್ಲ ಎಂದು ಅವನು ಹೇಳುವ ಮೊದಲೇ ಅನುಷ್ಕಾ, "ನೋಬಡಿ ವಾಸ್ ಇನ್ ದ ಕಾರ್, ಅಮ್ಮಾ," ಎಂದಳು. ಒಂದಿಷ್ಟೂ ತಡವರಿಸಲಿಲ್ಲ. ಅವಳ ಮುಖದಲ್ಲಿ ಸುಳ್ಳಿನ ಗುರುತೇ ಇರಲಿಲ್ಲ. ಅವನ ಮುಖ ಮಾತ್ರ ಆ ಚಳಿಯಲ್ಲೂ ಬೆವತಿತ್ತು. ಮಗಳು ತನ್ನನ್ನು ಉಳಿಸಿದಳೆಂದು ಒಂದು ಕ್ಷಣ ಕೃತಜ್ಞತೆ ಉಕ್ಕಿತು. ಮರುಕ್ಷಣ, ಇಂಥದಕ್ಕೆ ಕೃತಜ್ಞನಾದೆನಲ್ಲ ಎಂದು ಹೇಸಿಗೆಯಾಯಿತು. ಇಷ್ಟು ವರ್ಷ ಅವಳು ಅದನ್ನು ಎಲ್ಲಿ ಇಟ್ಟುಕೊಂಡಿದ್ದಳು? ಊಟ ಮಾಡುವಾಗ, ತಾಯಿಯ ಪಕ್ಕ ಮಲಗುವಾಗ, ಕುಶ್ ಆ ಸೀಟಿನಲ್ಲಿ ಕೂತು ಕೈ ಬೀಸುವಾಗ?

ವ್ಯಾನು ಇದೇ ಇರಲಿ ಎಂದು ಅಕ್ಷತಾ ಹೇಳಿದಳು. ಇರಲಿ ಎಂದ ಅವನೂ. ಇನ್ನು ಕಾರಿನ ಮೇಲೆ ಹಾಕಲು ತಪ್ಪು ಉಳಿದಿರಲಿಲ್ಲ. ಆದರೆ ಸೀಟು ಮಾತ್ರ ಹೊಸದು ಕೊಳ್ಳೋಣ ಎಂದ. ಯಾಕೆ ಎಂದು ಕೇಳಿದಳು. ಹಳೆಯದಾಯಿತು, ಇಬ್ಬರು ಕೂತದ್ದು, ಬಟ್ಟೆ ಸವೆದಿದೆ, ಈಗ ಇನ್ನೂ ಒಳ್ಳೆಯವು ಬಂದಿವೆ ಎಂದು ಒಂದರ ಮೇಲೊಂದು ಹೇಳುತ್ತ ಹೋದ. ಕಾರಣ ಒಂದೇ ಇದ್ದಿದ್ದರೆ ಅವಳು ನಂಬುತ್ತಿದ್ದಳು. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಇಬ್ರು ಕೂಸು ಇದ್ರಾಗ ಕುಂತು ಕಲ್ಲುಗುಂಡಿನಂಗ ಆಗ್ಯಾವ. ಹೊಟ್ಟ್ಯಾಗಿನ ಕೂಸಿಗೆ ಹೊಸಾದು ತರಬಾರ್ದು ಅಂತ ನಿಮ್ಮವ್ವನ ಹೇಳ್ಯಾರ. ಏನ್ ಆಗೇತ್ರಿ ನಿಮಗ?" ಎಂದಳು. ಈಗ ಹೇಳಬೇಕು. ಒಂದೇ ವಾಕ್ಯ. ಬಾಯಿ ತೆರೆದ. ದೀಕ್ಷಿತಾಳ ಮುಖ ಬಂತು, ತೆಂಗಿನಕಾಯಿ ಬಂತು, ಅನುಷ್ಕಾ ಈಗಷ್ಟೇ ಹೇಳಿದ ಸುಳ್ಳು ಬಂತು. ಈಗ ಹೇಳಿದರೆ ಮಗಳೂ ಸಿಕ್ಕಿಬೀಳುತ್ತಾಳೆ ಎಂದುಕೊಂಡ. ಮಗಳಿಗಾಗಿ ಎಂದುಕೊಂಡಾಗ ಎಷ್ಟು ಹಗುರವಾಯಿತು! ನನ್ನ ಸಮಾಧಾನಕ್ಕೆ, ಪ್ಲೀಸ್, ಹೊಸದು ಎಂದ. ಅಕ್ಷತಾ ದಣಿದಿದ್ದಳು. ಊದಿದ ಕಾಲನ್ನು ವ್ಯಾನಿನಿಂದ ಇಳಿಬಿಟ್ಟು, "ಆತು. ನೀವಂದಂಗ ಆಗ್ಲಿ. ಹಂಗಾರ ಇದನ್ನ ಹರ್ಷಗ ಕೊಡೂಣು. ಅವರಿಗಿದು ಚೊಚ್ಚಲ," ಎಂದಳು.

ಹರ್ಷನ ಕೈಯಿಂದ ಬೂಸ್ಟರ್ ಬೀಳುವಂತಾಯಿತು. ಅವನು ಬೇಡ ಅಕ್ಕ, ನಿಮ್ಮ ಮನೆತನದ್ದು ಎಂದು ಎರಡು ಸಲ ಹೇಳಿದ, ಮೂರನೆಯ ಸಲ ಹೇಳಲಿಲ್ಲ. ಕಣ್ಣು ತುಂಬಿಕೊಂಡು, ತನ್ನ ಹೆಂಡತಿಗೆ ಇಲ್ಲಿ ತಾಯಿಯ ಕಡೆಯವರು ಯಾರೂ ಇಲ್ಲ, ತೊಟ್ಟಿಲು ಕೊಡುವವರು ಯಾರೂ ಇಲ್ಲವೆಂದು ರಾತ್ರಿಯೆಲ್ಲ ಅಳುತ್ತಾಳೆ, ಈಗ ಇದನ್ನು ನೋಡಿದರೆ ಎಷ್ಟು ಸಂತೋಷಪಡುತ್ತಾಳೆ ಎಂದ. ಆಮೇಲೆ ಶಿವಕಿರಣನ ಕಡೆ ತಿರುಗಿ, "ಅಣ್ಣಾ, ನನಗೆ ಕಟ್ಟೋಕೆ ಬರಲ್ಲ. ನೀವೇ ಒಂದ್ಸಲ ಫಿಟ್ ಮಾಡಿಕೊಡ್ತೀರಾ? ಬಿಚ್ಚೋದೇ ಇಲ್ಲ ಆಮೇಲೆ," ಎಂದ. ಅಕ್ಷತಾ ಪೇಪರುಗಳಿಗೆ ಸಹಿ ಹಾಕಲು ಮುದುಕನ ಜೊತೆ ಒಳಗೆ ಹೋದಳು. ಶಿವಕಿರಣ ಸೀಟು ಹೊತ್ತು ಹರ್ಷನ ಹಳೆಯ ಕಾರಿನತ್ತ ನಡೆದ. ಕಾರಿನ ಹಿಂದಿನ ಸೀಟಿನ ಮೇಲೆ ಆಗಲೇ ಒಂದು ಸಣ್ಣ ಕೌದಿ ಮಡಿಸಿಟ್ಟಿತ್ತು. ಸಡಿಲವಾಗಿ ಕಟ್ಟಿ, ಇದರಲ್ಲಿ ಕೂರುವುದಿಲ್ಲಪ್ಪ ಎಂದುಬಿಡಬಹುದು ಎಂದು ಅವನಿಗೆ ಹೊಳೆಯಿತು. ಆದರೆ ಹರ್ಷ ಪಕ್ಕದಲ್ಲೇ ಬಗ್ಗಿ, ಬಿಳಿಗಡ್ಡದವನು ಮಾಡಿದ್ದನ್ನು ಒಂದೂ ಬಿಡದೆ ನೆನಪಿಟ್ಟುಕೊಂಡು, ಮೊಣಕಾಲು ಅಣ್ಣಾ, ಮೊಣಕಾಲು ಎಂದು ನೆನಪಿಸುತ್ತಿದ್ದ. ಶಿವಕಿರಣ ಮೊಣಕಾಲು ಊರಿದ. ಆ ದಿನ ಮೊದಲ ಬಾರಿಗೆ ಮೈಯ ಭಾರವನ್ನೆಲ್ಲ ಬಿಟ್ಟು ಬೆಲ್ಟು ಎಳೆದ. ಮೊಣಕಾಲ ಕೆಳಗೆ, ಬಟ್ಟೆಯ ಒಳಗೆ, ಗೆರೆ ಬಾಯಿ ಬಿಟ್ಟು ಮುಚ್ಚಿಕೊಂಡದ್ದು ಅವನ ಮಂಡಿಚಿಪ್ಪಿಗೆ ಗೊತ್ತಾಯಿತು. ಹರ್ಷ ಸೀಟನ್ನು ಹಿಡಿದು ಅಲ್ಲಾಡಿಸಿ ನೋಡಿದ. ಸೀಟು ಅಲ್ಲಾಡಲಿಲ್ಲ. ಅವನು ಬಗ್ಗಿ ಶಿವಕಿರಣನ ಕಾಲು ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡ.

ಕಾರು ಹೆದ್ದಾರಿಗೆ ತಿರುಗುವ ತನಕ ಶಿವಕಿರಣ ಅಲ್ಲೇ ನಿಂತಿದ್ದ. ಜೇಬಿನಿಂದ ಫೋನು ತೆಗೆದು ಹರ್ಷನ ಹೆಸರಿನ ಮೇಲೆ ಬೆರಳಿಟ್ಟ. ಮೂರು ವಾರವಿದೆ, ಇವತ್ತೇ ಹೇಳಬೇಕೆಂದಿಲ್ಲ. ಅದೂ ಅಲ್ಲದೆ ಡ್ರೈವ್ ಮಾಡುತ್ತಿರುವವನಿಗೆ ಫೋನು ಮಾಡಬಾರದು, ಹುಡುಗ ಗಾಬರಿಯಾಗಿ ಎತ್ತಿಕೊಳ್ಳುತ್ತಾನೆ, ಯಾವುದಕ್ಕಾದರೂ ಹೋಗಿ ಗುದ್ದುತ್ತಾನೆ ಎಂದುಕೊಂಡ. ಇಷ್ಟು ಜವಾಬ್ದಾರಿಯ ಮಾತು ತನಗೆ ಹೊಳೆದದ್ದಕ್ಕೆ ಅವನಿಗೆ ನಗು ಬರಬೇಕಿತ್ತು. ಫೋನು ಜೇಬಿಗೆ ಹೋಯಿತು. ಒಂದು ತಣ್ಣಗಿನ ಪುಟ್ಟ ಕೈ ಅವನ ಕೈಯೊಳಗೆ ಬಂತು.

"ಈಸ್ ಅವರ್ ಬೇಬಿ ಗೋಯಿಂಗ್ ಟು ಸಿಟ್ ಇನ್ ಇಟ್?" ಎಂದು ಅನುಷ್ಕಾ ಕೇಳಿದಳು.

"ಇಲ್ಲ."

ಅವಳು ಹೆದ್ದಾರಿಯ ಕಡೆ ನೋಡಿದಳು. ಹರ್ಷನ ಕಾರು ಬೇರೆ ಕಾರುಗಳ ನಡುವೆ ಸೇರಿಹೋಗಿತ್ತು. "ಓಕೆ," ಎಂದಳು. ಆಮೇಲೆ, ಗಾಜಿನ ಒಳಗೆ ತಲೆ ಬಗ್ಗಿಸಿ ಸಹಿ ಹಾಕುತ್ತಿದ್ದ ತಾಯಿಯನ್ನು ಒಮ್ಮೆ ನೋಡಿ, ದನಿ ತಗ್ಗಿಸಿ, ಐಸ್‌ಕ್ರೀಮ್ ಕೊಡಿಸುತ್ತೀಯಾ ಎಂದು ಇಂಗ್ಲಿಷಿನಲ್ಲೇ ಕೇಳಿದಳು. ಚಳಿ ಇನ್ನೂ ಬಿಟ್ಟಿರಲಿಲ್ಲ. ಶಿವಕಿರಣ ಹೂಂ ಎಂದ.